ದ್ವಿಭಾಷಾ ವಿಭಾಗಕ್ಕೆ ಬಂದ ಶಿಕ್ಷಕರು ಶಾಲೆಯಲ್ಲಿ ನಿಲ್ಲಬೇಕಾದರೆ ಏನು ಮಾಡಬೇಕು?

ಮೂಡಿಗೆರೆ ಕಡೆಯ ಸರ್ಕಾರಿ ಶಾಲೆಯೊಂದರ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿದ್ದೀರಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಾಠ ನಡೆಯುವ ದ್ವಿಭಾಷಾ ವಿಭಾಗಕ್ಕೆ ಬಂದವರು ವರ್ಷ ತುಂಬುವುದರೊಳಗೆ ಹೊರಡುತ್ತಾರೆ, ಸಂಬಳ ಹೆಚ್ಚಿಸುವುದು ನಮ್ಮಿಂದಾಗದು, ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ.

ಇದೆ. ಗೌರವಧನ, ವರ್ಗಾವಣೆ ಎರಡೂ ನಿಮ್ಮ ಕೈಯಲ್ಲಿಲ್ಲ ನಿಜ. ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಊರಿನ ಹತ್ತಿರದ ಶಾಲೆ ಸಿಕ್ಕವರನ್ನು ಯಾರೂ ಹಿಡಿದಿಡಲಾರರು. ಆದರೆ ಕೆಲಸದ ಹೊರೆ ಶಾಲೆಯೊಳಗಿನ ವಿಷಯ, ಬಹಳ ಮಂದಿ ಸುಸ್ತಾಗುವುದೂ ಅಲ್ಲೇ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾದಾಗ, ಹೆಚ್ಚಿನ ಕಡೆ ಇದ್ದವರಿಗೇ ತರಬೇತಿ ಕೊಟ್ಟು ವಹಿಸಿದರು. ಅಂದರೆ ಹಳೆಯ ಕೆಲಸದ ಮೇಲೆ ಹೊಸದು.

ಮೊದಲು ವೇಳಾಪಟ್ಟಿ ನೋಡಿ. ಒಬ್ಬರೇ ಒಂದು ತರಗತಿಯ ಎಲ್ಲ ವಿಷಯವನ್ನೂ ಎರಡೂ ಭಾಷೆಯಲ್ಲಿ ಮಾಡುತ್ತಿದ್ದರೆ ಅದನ್ನು ಒಡೆಯಿರಿ. ಒಬ್ಬರು ನಾಲ್ಕನೇ, ಐದನೇ ಎರಡೂ ತರಗತಿಗೆ ಇಂಗ್ಲಿಷ್ ಮತ್ತು ಗಣಿತ, ಇನ್ನೊಬ್ಬರು ಕನ್ನಡ ಮತ್ತು ಪರಿಸರ ಅಧ್ಯಯನ. ಆಗ ತಯಾರಿಸಬೇಕಾದ ವಿಷಯ ಅರ್ಧಕ್ಕಿಳಿಯುತ್ತದೆ. ಒಬ್ಬರು ಬಿಟ್ಟು ಹೋದರೂ ಇಡೀ ತರಗತಿ ಅನಾಥವಾಗುವುದಿಲ್ಲ. ಬೇರೆ ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಮಾಡುವ ಕೆನಡಾದ ಫ್ರೆಂಚ್ ಇಮ್ಮರ್ಶನ್ ಶಾಲೆಗಳಲ್ಲೂ ಶಿಕ್ಷಕರ ದೊಡ್ಡ ದೂರು ಇದೇ: ಪಾಠದ ಸಾಮಗ್ರಿಯನ್ನೆಲ್ಲ ತಾವೇ ಕೂತು ಮಾಡಿಕೊಳ್ಳಬೇಕು.

ಇನ್ನು ಪಾಠ. ಒಂದು ವಾಕ್ಯ ಇಂಗ್ಲಿಷ್, ಬೆನ್ನಿಗೇ ಅದರ ಕನ್ನಡ, ಹೀಗೆ ನಡೆದರೆ ಮಕ್ಕಳು ಇಂಗ್ಲಿಷ್ ಕೇಳಿಸಿಕೊಳ್ಳುವುದೇ ಇಲ್ಲ, ಕನ್ನಡ ಬರಲಿ ಎಂದು ಕಾಯುತ್ತಾರೆ. ಟೀಚರ್ ಗಂಟಲು ಹೋಗುತ್ತದೆ, ಪಾಠ ಅರ್ಧಕ್ಕೆ ನಿಲ್ಲುತ್ತದೆ. 42ರಲ್ಲಿ 17 ಕಳೆಯುವ ಲೆಕ್ಕ ತೆಗೆದುಕೊಳ್ಳಿ. ಹತ್ತು ಕಡ್ಡಿಯ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. 40 ನಿಮಿಷದ ಪೀರಿಯಡ್‌ನಲ್ಲಿ ಮೊದಲ 10 ನಿಮಿಷ ಕನ್ನಡದಲ್ಲೇ ಕಟ್ಟು ಬಿಚ್ಚಿಸಿ, 12 ಬಿಡಿ ಕಡ್ಡಿಯಲ್ಲಿ 7 ತೆಗೆಸಿ. ಮುಂದಿನ 20 ನಿಮಿಷ ಅದೇ ಕಡ್ಡಿ, ಬರೀ ಇಂಗ್ಲಿಷ್: 'ಓಪನ್ ಒನ್ ಬಂಡಲ್', 'ಟೇಕ್ ಅವೇ ಸೆವೆನ್', 'ಹೌ ಮೆನಿ ಆರ್ ಲೆಫ್ಟ್?'. ಕೊನೆಯ 10 ನಿಮಿಷ ಮಗು ಯಾವ ಭಾಷೆಯಲ್ಲಿ ಉತ್ತರಿಸಿದರೂ ಸರಿ. ಆ ಹತ್ತು ಹನ್ನೆರಡು ವಾಕ್ಯಗಳನ್ನು ಒಂದು ರಟ್ಟಿನ ಮೇಲೆ ಬರೆದು, ಕಡ್ಡಿಗಳ ಜೊತೆ ಪಾಠದ ಹೆಸರಿನ ಚೀಲಕ್ಕೆ ಹಾಕಿ ಶಾಲೆಯ ಬೀರುವಿನಲ್ಲಿಡಿ. ರಟ್ಟು, ಕಡ್ಡಿ ಎಲ್ಲ ಶಾಲೆಯ ದುಡ್ಡಿನಲ್ಲಿ ಬರಲಿ. ಸ್ವಂತ ದುಡ್ಡು ಹಾಕಿ ಚಾರ್ಟ್ ಮಾಡಿದವರು ಹೋಗುವಾಗ ಅದನ್ನು ಒಯ್ಯುವುದು ನ್ಯಾಯವೇ, ಆದರೆ ಮುಂದೆ ಬಂದವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವಿದೆ. 'ಇವರಿಗೆ ಇಂಗ್ಲಿಷ್ ಬರುತ್ತೆ, ಕಂಪ್ಯೂಟರ್ ಗೊತ್ತು' ಅಂದ ಕೂಡಲೇ ಎಸ್‌ಎಟಿಎಸ್, ಯು-ಡೈಸ್ (ಮಕ್ಕಳ, ಶಾಲೆಯ ಮಾಹಿತಿ ತುಂಬುವ ಸರ್ಕಾರಿ ಜಾಲತಾಣಗಳು), ಬಿಸಿಯೂಟದ ಲೆಕ್ಕ ಎಲ್ಲ ಅವರ ತಲೆಗೇ ಬೀಳುತ್ತದೆ. ಆನ್‌ಲೈನ್ ಕೆಲಸವನ್ನು ತಿಂಗಳ ಸರದಿ ಮಾಡಿ ಹಂಚಿ. ಇದಕ್ಕೆ ಪೈಸೆ ಖರ್ಚಿಲ್ಲ.

ಕಾಫಿ ಸೀಮೆಯ ಶಾಲೆಯಾದ್ದರಿಂದ ಇದನ್ನೂ ಗಮನಿಸಿ: ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಕೆಲವರ ಮನೆಮಾತು ತಮಿಳು, ತುಳು, ಈಚೆಗೆ ಅಸ್ಸಾಮಿ. ಅವರಿಗೆ ಕನ್ನಡವೇ ಎರಡನೇ ಭಾಷೆ. ಅಂಥ ಮಗು ಹಿಂದೆ ಬಿದ್ದರೆ ಟೀಚರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಸಭೆಯಲ್ಲಿ ಆಡಿಕೊಳ್ಳಬೇಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನಲ್ಲಿ ಹಾಜರಿ ಇಳಿಯುವುದಕ್ಕೂ ಟೀಚರ್ ಹೊಣೆಯಲ್ಲ.

ಅತಿಥಿ ಶಿಕ್ಷಕರಾದರೆ ಮಾರ್ಚ್‌ನಲ್ಲೇ ಕೂರಿಸಿ ಮಾತಾಡಿ. ಖಾಸಗಿ ಶಾಲೆಗಳು ಏಪ್ರಿಲ್, ಮೇನಲ್ಲಿ ಜನ ಹುಡುಕುತ್ತವೆ, ನೀವು ಜೂನ್‌ನಲ್ಲಿ ಫೋನ್ ಮಾಡುವಷ್ಟರಲ್ಲಿ ಅವರು ಅಲ್ಲಿ ಸೇರಿಯಾಗಿರುತ್ತದೆ. ಹುದ್ದೆ ಮಂಜೂರಾದರೆ ನಿಮ್ಮನ್ನೇ ಮೊದಲು ಕರೆಯುತ್ತೇವೆ ಎನ್ನಿ. ಆಗುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಅದನ್ನೂ ಹೇಳಿಬಿಡಿ.

ದಿನಕ್ಕೆ ಒಂದೇ ಬಸ್ ಹಿಡಿದು ಬರುವವರಿಗೆ ಮೊದಲ ಪೀರಿಯಡ್ ಹಾಕಬೇಡಿ, ಅದು ಊರಲ್ಲೇ ಇರುವವರಿಗಿರಲಿ. ಜುಲೈ ಮಳೆಯಲ್ಲಿ ಮರ ಬಿದ್ದು ಬಸ್ ತಡವಾದ ದಿನ ಹಾಜರಿ ಪುಸ್ತಕದೆದುರು ತಲೆತಗ್ಗಿಸಿ ನಿಲ್ಲುವುದು ಅವರಿಗೆ ತಪ್ಪುತ್ತದೆ.