ಚೆನ್ನಾಗಿ ಮಾತಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಉಗ್ಗುತ್ತಿದ್ದರೆ

ನಿಮ್ಮ ಮಗನಿಗೆ 3 ವರ್ಷ, ಎರಡು ತಿಂಗಳಿಂದ ಉಗ್ಗುತ್ತಿದ್ದಾನೆ. ಮನೆಯಲ್ಲಿ ಕನ್ನಡ, ಪ್ಲೇಸ್ಕೂಲಲ್ಲಿ ಇಂಗ್ಲಿಷ್ ಆಗಿದ್ದಕ್ಕೆ ಹೀಗಾಯ್ತಾ, ಅಥವಾ ಒಂದು ದಿನ ನಾನು ಜೋರಾಗಿ ಗದರಿದ್ದಕ್ಕಾ ಅಂತ ಕೇಳಿದ್ದೀರಿ. ಎರಡಕ್ಕೂ ಅಲ್ಲ. ಮೊದಲು ಆ ಭಾರ ಇಳಿಸಿಬಿಡಿ.

ನಾನು ಚಿಕ್ಕಂದಿನಿಂದ ಉಗ್ಗುವವನು. ನನ್ನ ಮಗನೂ ಎರಡೂವರೆ ವರ್ಷಕ್ಕೆ ಶುರುಮಾಡಿದ. ಆಗ ನಾನೂ ನಿಮ್ಮ ಹಾಗೇ ರಾತ್ರಿಯೆಲ್ಲ ಯೋಚಿಸಿದ್ದೇನೆ.

ಉಗ್ಗಿಗೆ ದೊಡ್ಡ ಕಾರಣ ರಕ್ತದಲ್ಲೇ ಇರುತ್ತದೆ. ಅಪ್ಪ, ಸೋದರಮಾವ, ತಾತ, ಯಾರಾದರೂ ಒಬ್ಬರು ಉಗ್ಗುವವರು ಇದ್ದರೆ ಮಗುವಿಗೆ ಬರುವ ಸಾಧ್ಯತೆ ಜಾಸ್ತಿ. 2010ರಲ್ಲಿ ಪಾಕಿಸ್ತಾನದ ಕೆಲವು ಕುಟುಂಬಗಳಿಂದ ಹುಡುಕಾಟ ಶುರುಮಾಡಿದ ಸಂಶೋಧಕರಿಗೆ ಇದಕ್ಕೆ ಸಂಬಂಧಿಸಿದ ಮೂರು ಜೀನ್‌ಗಳು ಸಿಕ್ಕವು. ಉಗ್ಗುವವರಲ್ಲಿ ಸ್ವಲ್ಪ ಜನರ ಕಥೆಯನ್ನಷ್ಟೇ ಅವು ಹೇಳುತ್ತವೆ, ನಿಜ. ಆದರೂ ಇದು ಮೈಯೊಳಗಿನ ವಿಷಯ ಅನ್ನೋದು ಗಟ್ಟಿಯಾಯಿತು. ಮಾತು ಯಾವ ಕ್ಷಣಕ್ಕೆ ಹೊರಡಬೇಕು, ಹೇಗೆ ಓಡಬೇಕು ಅನ್ನೋದನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳ ನಡುವಿನ ಜೋಡಣೆಯೂ ಉಗ್ಗುವ ಮಕ್ಕಳಲ್ಲಿ ಸ್ವಲ್ಪ ಬೇರೆ ಇರುತ್ತದೆ.

ಹಾಗಾದರೆ ಇಷ್ಟು ದಿನ ಯಾಕೆ ಸರಿ ಇತ್ತು? ಎರಡರಿಂದ ನಾಲ್ಕು ವರ್ಷದೊಳಗೆ ಮಾತು ಒಮ್ಮೆಗೇ ಬೆಳೆಯುತ್ತದೆ. ನಿನ್ನೆವರೆಗೆ ‘ಹಾಲು ಬೇಡ’ ಅನ್ನುತ್ತಿದ್ದವನು ಇವತ್ತು ‘ಅಜ್ಜಿ ಕೊಟ್ಟ ಹಾಲು ಬಿಸಿ ಇದೆ, ನಾ ಕುಡಿಯಲ್ಲ’ ಅನ್ನಬೇಕು. ವಾಕ್ಯ ಉದ್ದವಾದಷ್ಟೂ ತಡವರಿಕೆ ಜಾಸ್ತಿ. ಸುಸ್ತಾಗಿದ್ದಾಗ, ಖುಷಿ ಉಕ್ಕಿದಾಗ, ಅಕ್ಕನಿಗಿಂತ ಮೊದಲು ನಾನೇ ಹೇಳಬೇಕು ಅನ್ನುವ ಅವಸರದಲ್ಲಿ ಇನ್ನೂ ಜಾಸ್ತಿ. ಇವು ಆ ಹೊತ್ತಿನ ಉಗ್ಗನ್ನು ಏರಿಸುತ್ತವೆ, ಅಷ್ಟೇ. ಹಾಡು ಹೇಳುವಾಗ ಸಲೀಸಾಗಿ ಬರುತ್ತದಲ್ವಾ? ಅದನ್ನು ನೋಡಿ ‘ಬೇಕಂತಲೇ ಮಾಡ್ತಾನೆ’ ಅನ್ನಬೇಡಿ. ಹಾಡಲ್ಲಿ ಉಗ್ಗದಿರುವುದು ನಮ್ಮಲ್ಲಿ ತುಂಬಾ ಜನರಿಗೆ ಸಹಜ.

ಸಣ್ಣ ಮಕ್ಕಳೆಲ್ಲ ಸ್ವಲ್ಪ ತಡವರಿಸುತ್ತಾರೆ. ‘ನಂಗೆ, ನಂಗೆ ಬೇಕು’ ಅಂತ ಇಡೀ ಪದ ಮತ್ತೆ ಹೇಳಿದರೆ ಗಾಬರಿ ಬೇಡ. ‘ಬ-ಬ-ಬ-ಬಸ್ಸು’ ಅಂತ ಅಕ್ಷರ ಒಡೆದರೆ, ‘ಮ್ಮ್ಮ್ಮಾವು’ ಅಂತ ಎಳೆದರೆ, ಬಾಯಿ ತೆರೆದೂ ದನಿ ಹೊರಡದಿದ್ದರೆ, ಕಣ್ಣು ಬಿಗಿ ಹಿಡಿದರೆ ಅದು ಉಗ್ಗು.

ನನ್ನ ಮಗನ ಒಂದು ಸಂಜೆ ಹೇಳುತ್ತೇನೆ. ಮೆಟ್ಟಿಲ ಮೇಲೆ ನಿಂತು ‘ಬ-ಬ-ಬ’ ಅಂತ ಕಾಲು ನೆಲಕ್ಕೆ ಬಡಿಯುತ್ತಿದ್ದ. ನಮ್ಮಮ್ಮ ಪ್ರೀತಿಯಿಂದಲೇ ‘ನಿಧಾನ ಹೇಳು ಕಂದ, ಉಸಿರು ಎಳ್ಕೋ. ಬಸ್ಸಾ?’ ಅಂದರು. ಅವನು ಬಾಯಿ ಮುಚ್ಚಿಕೊಂಡ. ಬಸ್ಸು ಹೋದ ಕಡೆ ಬೆರಳು ತೋರಿಸಿ ಒಳಗೆ ಹೋಗಿಬಿಟ್ಟ. ಶಾಲೆಯಲ್ಲಿ ‘ಹಾಜರ್ ಸಾರ್’ ಅನ್ನಲಾಗದೆ ಗೈರುಹಾಜರಿ ಹಾಕಿಸಿಕೊಳ್ಳುತ್ತಿದ್ದ ಹುಡುಗ ನಾನು. ಆ ಬೆರಳು ನನಗೆ ಚೆನ್ನಾಗಿ ಅರ್ಥವಾಯಿತು.

1939ರಲ್ಲಿ ಅಮೆರಿಕದ ಅಯೋವಾದಲ್ಲಿ 22 ಅನಾಥ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಅವರಲ್ಲಿ ಸರಿಯಾಗಿ ಮಾತಾಡುತ್ತಿದ್ದ ಕೆಲವರಿಗೂ ‘ನೀನು ಉಗ್ಗುತ್ತೀಯ’ ಅಂತ ಹೇಳಿ, ಮಾತಲ್ಲಿ ತಪ್ಪು ತೋರಿಸುತ್ತಾ ಬಂದರು. ಆ ಮಕ್ಕಳು ಉಗ್ಗುವವರಾಗಲಿಲ್ಲ, ಮಾತಾಡೋಕೇ ಹಿಂಜರಿಯತೊಡಗಿದರು. ಆ ಪ್ರಯೋಗ ನಡೆಸಿದ್ದ ಅಯೋವಾ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ತಿದ್ದುವುದು ನಿಂತಿತು. ಮಗ ತಡೆದರೆ ಕಾಯುತ್ತೇವೆ, ಅವನ ಪದ ನಾವು ಮುಗಿಸುವುದಿಲ್ಲ. ದಿನಾ ಊಟ ಆದಮೇಲೆ ಐದು ನಿಮಿಷ ಅವನೊಬ್ಬನ ಜೊತೆ ನೆಲದ ಮೇಲೆ ಕೂತು ನಾನೇ ನಿಧಾನವಾಗಿ ಮಾತಾಡುತ್ತೇನೆ.

ಸುಮಾರು 100ಕ್ಕೆ 5 ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ, ಮುಕ್ಕಾಲು ಪಾಲಿಗೆ, ತಾನಾಗೇ ಹೋಗುತ್ತದೆ. ಉಳಿದುಕೊಳ್ಳುವ ಸಾಧ್ಯತೆ ಹೆಚ್ಚಿರುವುದು ಗಂಡುಮಕ್ಕಳಲ್ಲಿ, ಮನೆಯಲ್ಲಿ ದೊಡ್ಡವರಾದರೂ ಉಗ್ಗುವವರು ಇದ್ದಾಗ, ಮೂರೂವರೆ ವರ್ಷ ಕಳೆದ ಮೇಲೆ ಶುರುವಾದಾಗ, ಆರು ತಿಂಗಳು ದಾಟಿದರೂ ಇಳಿಯದಿದ್ದಾಗ. ಉಚ್ಚಾರಣೆಯೂ ಸರಿ ಇಲ್ಲದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚುವುದು, ನಾಲಿಗೆ ಕೆಳಗಿನ ಪೊರೆ ಕತ್ತರಿಸಿದರೆ ಉಗ್ಗು ಹೋಗುತ್ತದೆ ಅನ್ನುವುದು, ಇವೆರಡಕ್ಕೂ ದಯವಿಟ್ಟು ಒಪ್ಪಬೇಡಿ. ನನಗೆ ಬಜೆ ಸಾಕಷ್ಟು ಹಚ್ಚಿದ್ದರು. ಇಂಗ್ಲಿಷ್ ಬಿಡಿಸುವುದೂ ಬೇಡ, ಕನ್ನಡ ಬಿಡಿಸುವುದಂತೂ ಬೇಡವೇ ಬೇಡ.

ನಿಮ್ಮ ಮಗ ಮಾತಾಡೋಕೆ ಹೆದರುತ್ತಿದ್ದರೆ ಆರು ತಿಂಗಳು ಕಾಯಬೇಡಿ, ಈಗಲೇ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೇ ಪರಿಣತರಿದ್ದಾರೆ. ದೂರವಾದರೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವ ಮುಂಚೆ ಮನೆಯಲ್ಲಿ ಆಟವಾಡುತ್ತಾ ಮಾತಾಡುವುದನ್ನು ಅವನಿಗೆ ಗೊತ್ತಾಗದ ಹಾಗೆ ಮೊಬೈಲಲ್ಲಿ ಎರಡು ನಿಮಿಷ ವಿಡಿಯೋ ಮಾಡಿಕೊಳ್ಳಿ. ನನ್ನ ಮಗ ಅವರ ಮುಂದೆ ಕೂತಾಗ ಒಂದು ಪದಕ್ಕೂ ಉಗ್ಗಲಿಲ್ಲ, ಆ ವಿಡಿಯೋ ನೋಡಿಯೇ ಅವರು ಶುರುಮಾಡಿದ್ದು.