ಬೆಂಬಲದ ಅವಧಿ ಮುಗಿದಿರಲಿಲ್ಲ, ತೆರೆಯುವ ಬ್ರೌಸರ್ ಒಂದೇ ಉಳಿದಿತ್ತು

ನಿಮ್ಮ ವ್ಯವಹಾರದ ತಂತ್ರಾಂಶವನ್ನು ಎರಡು ಪ್ಲಾಟ್‌ಫಾರ್ಮ್‌ಗಳಲ್ಲಿ ಯಾವುದರ ಮೇಲೆ ಕಟ್ಟುವುದು ಎಂಬ ಗೊಂದಲ ನಿಮ್ಮದು: ಒಂದರ ಕಂಪನಿ ಬೇರೆಯವರ ಕೈಗೆ ಹೋಗಿದೆ, ಇನ್ನೊಂದರವರು ಮುಂದಿನ ಆವೃತ್ತಿಯ ಬಗ್ಗೆ ಬಾಯಿ ಬಿಡುತ್ತಿಲ್ಲ, ಹತ್ತು ವರ್ಷ ಬೆಂಬಲ ಸಿಗುವುದು ಯಾವುದಕ್ಕೆ ಎಂದು ಕೇಳಿದ್ದೀರಿ. ಬ್ರೌಸರಿಗೆ ಪ್ಲಗಿನ್ ಆಗಿ, ಅಂದರೆ ಹೊರಗಿನಿಂದ ಸೇರಿಸುವ ಭಾಗವಾಗಿ ಬರುತ್ತಿದ್ದ ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಬಗ್ಗೆ ನಾವೂ ಇದನ್ನೇ ಕೇಳಿದ್ದೆವು. ನಮಗೆ ಹತ್ತು ವರ್ಷದ ಬೆಂಬಲ ಸಿಕ್ಕಿತು, ಅದರಿಂದ ಉಪಯೋಗವಾಗಲಿಲ್ಲ.

ಗೊಬ್ಬರ ಮತ್ತು ಬಿತ್ತನೆ ಬೀಜದ ಸಗಟು ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ಮತ್ತು ದಾಸ್ತಾನಿನ ತಂತ್ರಾಂಶ ಬರೆಯುವ ಕೆಲಸ ನಮ್ಮದಾಗಿತ್ತು. ತಂಡದವರೆಲ್ಲ ಮೈಕ್ರೋಸಾಫ್ಟ್‌ನದೇ ಪ್ರೋಗ್ರಾಮಿಂಗ್ ಭಾಷೆಯಾದ ಸಿ ಶಾರ್ಪ್ ಬಲ್ಲವರಾದ್ದರಿಂದ ಸಿಲ್ವರ್‌ಲೈಟ್ ಸಹಜ ಆಯ್ಕೆಯಾಗಿ ಕಂಡಿತು. 2010ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಹಿರಿಯ ಅಧಿಕಾರಿ ಬಾಬ್ ಮಗ್ಲಿಯಾ, ಸಿಲ್ವರ್‌ಲೈಟ್ ಕುರಿತ ತಮ್ಮ ಕಾರ್ಯನೀತಿ ಬದಲಾಗಿದೆ ಎಂದಾಗ ಕಚೇರಿಯಲ್ಲಿ ಗಾಬರಿಯಾಯಿತು. ಆದರೆ 2011ರ ಡಿಸೆಂಬರ್‌ನಲ್ಲಿ ಐದನೆಯ ಆವೃತ್ತಿ ಬಂದು, ಅದರ ಬೆಂಬಲ 2021ರ ಅಕ್ಟೋಬರ್ 12ರವರೆಗೆ ಎಂದು ನಿಗದಿಯಾದ ಮೇಲೆ ನಾವು ನಿಶ್ಚಿಂತರಾಗಿ ಕೆಲಸ ಮುಂದುವರಿಸಿದೆವು. ಆ ದಿನಾಂಕಕ್ಕೆ ಕಂಪನಿ ತಪ್ಪಲೂ ಇಲ್ಲ. ಆದರೆ ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ ಆ ಬಗೆಯ ಪ್ಲಗಿನ್‌ಗಳನ್ನು ಪೂರ್ತಿಯಾಗಿ ತೆಗೆದುಹಾಕಿತು, 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಕೂಡ ಫ್ಲ್ಯಾಷ್ ಒಂದನ್ನು ಬಿಟ್ಟು ಉಳಿದವನ್ನು ಕೈಬಿಟ್ಟಿತು, ಮೈಕ್ರೋಸಾಫ್ಟ್‌ನದೇ ಎಡ್ಜ್ ಅವನ್ನು ಒಳಗೆ ಬಿಟ್ಟುಕೊಂಡೇ ಇರಲಿಲ್ಲ. ಕಾಗದದ ಮೇಲೆ ಬೆಂಬಲ ಇನ್ನೂ ನಾಲ್ಕು ವರ್ಷ ಬಾಕಿ ಇದ್ದಾಗಲೇ ನಮ್ಮ ಗ್ರಾಹಕರಿಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದೇ ಗತಿಯಾಯಿತು.

ಇಷ್ಟಾದರೂ ಸಿಲ್ವರ್‌ಲೈಟನ್ನು ಆರಿಸಿದ್ದೇ ನಮ್ಮ ತಪ್ಪು ಎಂದು ನಾನು ಹೇಳುವುದಿಲ್ಲ. ತಪ್ಪು ಬೇರೆ ಕಡೆ ಇತ್ತು, ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಡೀಲರ್ ಒಬ್ಬರಿಗೆ ಎಷ್ಟು ಸಾಲ ಕೊಡಬಹುದು, ಹಂಗಾಮಿನ ಸ್ಕೀಮ್ ರಿಯಾಯಿತಿ ಯಾವ ಚೀಲಗಳಿಗೆ ಅನ್ವಯಿಸುತ್ತದೆ, ಮಾರಾಟವಾಗದೆ ವಾಪಸು ಬಂದ ಬೀಜಕ್ಕೆ ಮೂಲ ಬಿಲ್ಲಿನ ದರ ಹಿಡಿಯಬೇಕೋ ಈಗಿನ ದರವೋ, ತೆರಿಗೆಯನ್ನು ರಿಯಾಯಿತಿ ಕಳೆಯುವ ಮೊದಲು ಲೆಕ್ಕ ಹಾಕಬೇಕೋ ಆಮೇಲೋ, ಈ ನಿಯಮಗಳನ್ನೆಲ್ಲ ನಾನು ಸ್ಕ್ರೀನುಗಳ ಒಳಗೇ ಬರೆಸಿದ್ದೆ. ‘ಉಳಿಸಿ’ ಎಂಬ ಬಟನ್ ಒತ್ತಿದಾಗ ಓಡುವ ಕೋಡಿನಲ್ಲೇ ಲೆಕ್ಕಾಚಾರ ಮುಗಿದು, ಸರ್ವರಿಗೆ ಹೋಗುತ್ತಿದ್ದುದು ಸಿದ್ಧ ಮೊತ್ತ ಮಾತ್ರ. ಬಳಕೆದಾರರ ಕಂಪ್ಯೂಟರಿನಲ್ಲೇ ಎಲ್ಲವೂ ನಡೆದರೆ ಸರ್ವರಿನ ಹೊರೆ ಕಡಿಮೆ ಎಂದು ನಾನು ವಾದಿಸಿದ್ದೆ, ಮತ್ತು ಸ್ಕ್ರೀನುಗಳು ನಿಜಕ್ಕೂ ಚುರುಕಾಗಿದ್ದವು. ಬಾಡಿಗೆ ಮನೆಯ ಗೋಡೆಯೊಳಗೆ ಒಡವೆ ಹೂತಿಟ್ಟಂತೆ ಆಗಿತ್ತು ನಮ್ಮ ಕೆಲಸ.

2017ರ ಜುಲೈ 1ರಂದು ವ್ಯಾಟ್ ತೆರಿಗೆಯ ಜಾಗದಲ್ಲಿ ಜಿಎಸ್‌ಟಿ ಜಾರಿಗೆ ಬಂತು. ವ್ಯಾಟ್ ಲೆಕ್ಕ ಒಂದೆಡೆ ಇರದೆ ಬಿಲ್, ವಾಪಸಾತಿ, ಅಂದಾಜು ಪಟ್ಟಿ, ಹೀಗೆ ಪ್ರತಿ ಸ್ಕ್ರೀನಿನಲ್ಲೂ ಚೂರುಚೂರು ಬೇರೆಯಾಗಿ ಕುಳಿತಿತ್ತು. ನಾವು ಕೋಡ್ ಬರೆಯಲು ಬಳಸುತ್ತಿದ್ದ ವಿಷುಯಲ್ ಸ್ಟುಡಿಯೋ ತಂತ್ರಾಂಶದ 2017ರ ಆವೃತ್ತಿ ಸಿಲ್ವರ್‌ಲೈಟ್ ಪ್ರಾಜೆಕ್ಟ್‌ಗಳನ್ನು ತೆರೆಯುತ್ತಿರಲಿಲ್ಲವಾದ್ದರಿಂದ 2015ರ ಆವೃತ್ತಿ ಇದ್ದ ಹಳೆಯ ಯಂತ್ರವೊಂದನ್ನು ಜೋಪಾನ ಮಾಡಿಕೊಂಡು ತಿದ್ದಿದೆವು. ಹೊಸದಾಗಿ ಬರೆಯಲು ಕೂತಾಗ ಸ್ಕ್ರೀನುಗಳನ್ನು ಕಟ್ಟುವುದು ಕಷ್ಟವಾಗಲಿಲ್ಲ. ಯಾವ ರಿಯಾಯಿತಿಯನ್ನು ಯಾವ ಕಾರಣಕ್ಕೆ ಹಾಗೆ ಲೆಕ್ಕ ಹಾಕಿದ್ದೆವು ಎಂದು ಹಳೆಯ ಬಿಲ್ಲುಗಳನ್ನು ನೋಡಿ ಊಹಿಸುವುದರಲ್ಲೇ ಹೆಚ್ಚಿನ ಹಣ ಹೋಯಿತು. ನಿಯಮಗಳು ಸರ್ವರಿನಲ್ಲಿದ್ದಿದ್ದರೆ ಮೇಲಿನ ಸ್ಕ್ರೀನುಗಳನ್ನಷ್ಟೇ ಬದಲಿಸಿ ಮುಂದೆ ಹೋಗಬಹುದಿತ್ತು.

ಆದ್ದರಿಂದ ಬೆಂಬಲ ಎಷ್ಟು ವರ್ಷ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವೆಬ್ ತಾಣ ಕಟ್ಟಲು ಬಳಸುವ ಆ್ಯಂಗ್ಯುಲರ್‌ಜೆಎಸ್ ಎಂಬ ಚೌಕಟ್ಟಿನ ಬೆಂಬಲ 2021ರ ಡಿಸೆಂಬರ್ 31ಕ್ಕೆ ಮುಗಿಯಿತು, ಆದರೂ ಮರುದಿನ ಅದರಲ್ಲಿ ಕಟ್ಟಿದ ತಾಣಗಳು ತೆರೆದುಕೊಂಡವು, ಏಕೆಂದರೆ ಬ್ರೌಸರಿಗೆ ಅದು ಬರಿಯ ಜಾವಾಸ್ಕ್ರಿಪ್ಟ್, ಪ್ಲಗಿನ್ ಇಲ್ಲದೆ ಬ್ರೌಸರೇ ಓಡಿಸುವ ಭಾಷೆ. ಭದ್ರತಾ ದೋಷ ಸರಿಪಡಿಸುವ ತೇಪೆ (ಪ್ಯಾಚ್) ಸಿಗದಿರುವ ಅಪಾಯ ಸಣ್ಣದಲ್ಲ, ಆದರೂ ಹೊರಬರಲು ಅಲ್ಲಿ ಕಾಲಾವಕಾಶ ಇರುತ್ತದೆ. ಆ್ಯಪ್‌ಗಳ ಸರ್ವರ್ ಭಾಗವನ್ನು ತನ್ನ ಯಂತ್ರಗಳಲ್ಲೇ ಓಡಿಸಿಕೊಡುತ್ತಿದ್ದ ಪಾರ್ಸ್‌ನ ಕಥೆ ಬೇರೆ: ಫೇಸ್‌ಬುಕ್ 2013ರಲ್ಲಿ ಕೊಂಡ ಆ ಸೇವೆ ಮುಚ್ಚುವುದೆಂದು 2016ರ ಜನವರಿಯಲ್ಲಿ ಘೋಷಣೆಯಾಯಿತು, ಒಂದು ವರ್ಷದ ನಂತರ ಸರ್ವರುಗಳು ನಿಂತವು. ಪಾರ್ಸ್ ಸರ್ವರ್ ಎಂಬ ಮುಕ್ತ ತಂತ್ರಾಂಶವನ್ನು ಹೊರಬಿಟ್ಟಿದ್ದರಿಂದ ಬಳಕೆದಾರರಿಗೆ ಡೇಟಾ ಸಮೇತ ಬೇರೆಡೆಗೆ ಹೋಗುವ ದಾರಿಯಾದರೂ ಸಿಕ್ಕಿತು. ಇನ್ನೊಬ್ಬರ ಯಂತ್ರದಲ್ಲಿ ಮಾತ್ರ ಓಡುವ, ಹೊರದಾರಿ ಇಲ್ಲದ ಪ್ಲಾಟ್‌ಫಾರ್ಮನ್ನು ಎಷ್ಟೇ ದೊಡ್ಡ ಕಂಪನಿ ಮಾರಿದರೂ ನಾನು ಮುಟ್ಟುವುದಿಲ್ಲ.

ನಿಮ್ಮ ಎರಡರಲ್ಲಿ ಯಾವುದು ಎಂಬುದನ್ನು ಮಾರಾಟ ಪ್ರತಿನಿಧಿಯ ಮಾತಿನಿಂದ ತೀರ್ಮಾನಿಸಬೇಡಿ. ನಿಮ್ಮ ವ್ಯವಹಾರದ ಅತಿ ತೊಡಕಿನ ಒಂದು ನಿಯಮವನ್ನು ಎರಡರಲ್ಲೂ ಬರೆಸಿ, ಆಮೇಲೆ ಪ್ಲಾಟ್‌ಫಾರ್ಮಿನ ಸಹಾಯವಿಲ್ಲದೆ ಆ ನಿಯಮವನ್ನೂ ಅದರ ಡೇಟಾವನ್ನೂ ಸಾಮಾನ್ಯ ಸರ್ವರ್ ಒಂದರಲ್ಲಿ ಓಡಿಸಿ ತೋರಿಸಲು ನಿಮ್ಮ ಡೆವಲಪರ್‌ಗೆ ಹೇಳಿ. ಎರಡೂ ಸೋತರೆ ಎರಡನ್ನೂ ಬಿಟ್ಟು, ನಿಮ್ಮ ತಂಡಕ್ಕೆ ಈಗಾಗಲೇ ಗೊತ್ತಿರುವ ಭಾಷೆಯಲ್ಲಿ ಸರ್ವರ್ ಭಾಗ ಬರೆದು ಅದರ ಮೇಲೆ ಸರಳ ಎಚ್‌ಟಿಎಂಎಲ್ ಪುಟಗಳನ್ನು ಕಟ್ಟಿರಿ. ನೋಟಕ್ಕೆ ಸಪ್ಪೆ ಎನಿಸಬಹುದು, ಆದರೆ ಬಿಲ್ ಹಾಕುವ ಗುಮಾಸ್ತರು ಆ ಬಗ್ಗೆ ದೂರಿದ್ದನ್ನು ನಾನಂತೂ ಕೇಳಿಲ್ಲ.