ಹರಕೆ ನಡಿಗೆಯದು, ಕಾಲು ಉಳುಕಿದೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಇವರನ್ನು ಶಾಂತವ್ವ ಅಂತ ಕರೆಯೋಣ. ವಯಸ್ಸು ಐವತ್ತು ದಾಟಿದೆ. ಬಾಗಲಕೋಟೆ ಜಿಲ್ಲೆಯವರು, ಮನೆಯಲ್ಲಿ ಕೈಮಗ್ಗ. ಯುಗಾದಿಗೆ ಶ್ರೀಶೈಲ ಮುಟ್ಟಬೇಕೆಂದು ಊರಿನ ಕಂಬಿಯ (ದೇವರ ಹೆಸರಲ್ಲಿ ಹೆಗಲ ಮೇಲೆ ಹೊತ್ತು ನಡೆಯುವ ಕೋಲು) ಜೊತೆ ಹೊರಟಿದ್ದರು. ರಾಯಚೂರಿಗೆ ಬರುವ ಹೊತ್ತಿಗೆ ಬಲಗಾಲಿನ ಹರಡು ಊದಿ ಕಾಲುಂಗುರ ಬಿಚ್ಚುವುದಕ್ಕೂ ಕಷ್ಟವಾಗಿತ್ತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಹರಡಿನ ಹೊರಗಡೆಯ ಲಿಗಮೆಂಟಿಗೆ ಚೆನ್ನಾಗಿಯೇ ಪೆಟ್ಟಾಗಿತ್ತು. ಮೂಳೆ ಡಾಕ್ಟರು ಪಟ್ಟಿ ಕಟ್ಟಿ, ಕೆಲವು ವಾರ ದೂರದ ನಡಿಗೆ ಬೇಡವೇ ಬೇಡ, ಮನೆಗೆ ಹೋಗಿ ಅಂದರು. ಶಾಂತವ್ವ ಅಲ್ಲೇ ಅಳಲು ಶುರು ಮಾಡಿದರು. ಅದೇ ಕಟ್ಟಡದಲ್ಲಿ ನಾನು ಕೂರುವುದರಿಂದ ಡಾಕ್ಟರು ನನ್ನ ಹತ್ತಿರ ಕಳಿಸಿದರು.

ಈ ಯಾತ್ರೆ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಪ್ರತಿವರ್ಷ ಸಾವಿರಾರು ಜನ ಮಲ್ಲಯ್ಯನ ಕಂಬಿ ಹೊತ್ತು ಆಂಧ್ರದ ಶ್ರೀಶೈಲಕ್ಕೆ ನಡೆಯುತ್ತಾರೆ. ಬಾಗಲಕೋಟೆಯಿಂದ ಸುಮಾರು 400 ಕಿ.ಮೀ. ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು ದಾಟಿದ ಮೇಲೆ ನಲ್ಲಮಲ ಕಾಡು. ದಾರಿಯುದ್ದಕ್ಕೂ ದಾಸೋಹ. ಮಜ್ಜಿಗೆ ಕೊಡುವವರು, ಕಾಲಿಗೆ ಎಣ್ಣೆ ತಿಕ್ಕುವವರು ಎಲ್ಲಾ ಕಡೆ ಇರುತ್ತಾರೆ. ಮರಗಾಲು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಮಲ್ಲಯ್ಯ ಅಂದರೆ ಶ್ರೀಶೈಲದ ಮಲ್ಲಿಕಾರ್ಜುನ, ಭ್ರಮರಾಂಬೆ ಅಲ್ಲಿನ ದೇವಿ. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಬರಿಗೈಲಿ ಹೋಗುತ್ತಾರೆಯೇ? ಸೀರೆ, ಖಣ, ಬಳೆ ತಗೊಂಡು ಹೋಗುತ್ತಾರೆ. ಶಾಂತವ್ವನ ಮಡಿಲಲ್ಲೂ ಒಂದು ಗಂಟು ಇತ್ತು. ಮಾತಾಡುವಷ್ಟು ಹೊತ್ತೂ ಅದನ್ನು ಕೆಳಗಿಡಲಿಲ್ಲ. ಕೇಳಿದ ಮೇಲೆ ಬಿಚ್ಚಿ ತೋರಿಸಿದರು. ಮನೆಯಲ್ಲೇ ನೇಯ್ದ ಸೀರೆ, ಒಂದು ಖಣ, ಹಸಿರು ಬಳೆ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮದ ಪುಡಿಕೆ. ಹಿಂದಿನ ವರ್ಷ ಮಗಳ ಹೆರಿಗೆ ಕಷ್ಟವಾಗಿತ್ತು. ತಾಯಿ ಮಗು ಉಳಿದರೆ ನಡೆದುಕೊಂಡು ಬಂದು ನಿನ್ನ ಉಡಿ ತುಂಬುತ್ತೇನೆ ಅಂತ ಹರಕೆ ಹೊತ್ತಿದ್ದರು.

ಇಂಥ ಹೊತ್ತಲ್ಲಿ ಒಂದು ವಚನ ಹೇಳಿ ಸಮಾಧಾನ ಮಾಡುವುದು ಸುಲಭ. ನಾನು ಆ ಗೋಜಿಗೆ ಹೋಗಲಿಲ್ಲ. ಶಾಂತವ್ವನಿಗೆ ನನಗಿಂತ ಜಾಸ್ತಿ ವಚನ ಗೊತ್ತು. ದೇವರಿಗೆ ಭಕ್ತಿ ಮುಖ್ಯ, ಕಾಲಲ್ಲ ಅನ್ನುವ ಮಾತನ್ನು ಡಾಕ್ಟರ ಕಾಂಪೌಂಡರ್ ಆಗಲೇ ಹೇಳಿ ಆಗಿತ್ತು. ಅದರಿಂದ ಅವರ ಅಳು ಜಾಸ್ತಿಯೇ ಆಗಿತ್ತು.

ಮೊದಲು ನಾನು ಕೇಳಿದ್ದು, ಬಿದ್ದಿದ್ದು ಹೇಗೆ ಅಂತ.

"ಏನ್ ಹೇಳ್ಲಿರಿ ಅಕ್ಕೋರ, ಮಲ್ಲಯ್ಯ ಸಿಟ್ಟಾಗ್ಯಾನ" ಅಂದರು.

"ಅದು ಆಮೇಲೆ ನೋಡೋಣ. ಎಷ್ಟು ಗಂಟೆ ಆಗಿತ್ತು? ಕೈಯಲ್ಲಿ ಬ್ಯಾಟರಿ ಇತ್ತಾ?"

ಒಂದೊಂದಾಗಿ ಬಿಡಿಸಿ ಕೇಳಿದೆ. ಬಿಸಿಲಿಗೆ ಹೆದರಿ ಗುಂಪು ರಾತ್ರಿಯೇ ನಡೆಯುತ್ತಿತ್ತು. ಬೆಳಗಿನ ಜಾವ. ಹಿಂದಿನ ಮಧ್ಯಾಹ್ನ ನಿದ್ದೆ ಬಂದಿರಲಿಲ್ಲ. ಬ್ಯಾಟರಿ ಮುಂದೆ ಹೋಗುವವರ ಕೈಲಿ. ಎದುರಿಗೆ ಲಾರಿ ಬಂತು, ಬೆಳಕು ಕಣ್ಣಿಗೆ ಹೊಡೆಯಿತು, ಎಡಕ್ಕೆ ಸರಿದರು. ಡಾಂಬರು ಮುಗಿದು ಮಣ್ಣು ಶುರುವಾಗುವಲ್ಲಿ ಗೇಣುದ್ದ ತಗ್ಗು. ಬರಿಗಾಲು ಅಲ್ಲಿ ಒಳಕ್ಕೆ ಮಡಚಿಕೊಂಡಿತು. ಆಮೇಲೂ ಅರಿವೆ ಬಿಗಿದುಕೊಂಡು ಎರಡು ದಿನ ನಡೆದಿದ್ದಾರೆ. ಉಳುಕಿದ ಕೂಡಲೇ ಕೂತಿದ್ದರೆ ಇಷ್ಟು ಊದುತ್ತಿರಲಿಲ್ಲ ಅಂತ ಡಾಕ್ಟರೇ ಹೇಳಿದ್ದರು.

ಇಷ್ಟು ಹೇಳಿ ಮುಗಿಸಿದ ಮೇಲೆ ಶಾಂತವ್ವ ತಾವಾಗಿಯೇ "ಲಾರಿಯವಂಗ ಲೈಟ್ ಇಳಸಾಕ್ ಏನಾಗಿತ್ತರಿ?" ಅಂದರು. ಸಿಟ್ಟು ಮಲ್ಲಯ್ಯನಿಂದ ಲಾರಿಯ ಕಡೆಗೆ ತಿರುಗಿತ್ತು. ಅಷ್ಟಾದರೆ ಮುಂದಿನ ಮಾತು ಆಡಬಹುದು.

ಆದರೂ ದೇವರ ಸಿಟ್ಟಿನ ಮಾತು ಸುಮ್ನೆ ಬಂದಿರಲಿಲ್ಲ. ಜೊತೆಗಿದ್ದ ನೆಗೆಣ್ಣಿ, "ಮನಿ ಬಿಡೂಮುಂದ ಏನರ ಎಡವಟ್ಟಾಗಿರಬೇಕ" ಅಂದಿದ್ದರಂತೆ. ಹೊರಡುವ ದಿನ ಬೆಳಿಗ್ಗೆ ಶಾಂತವ್ವನಿಗೂ ಸೊಸೆಗೂ ಮಾತಿಗೆ ಮಾತು ಬೆಳೆದಿತ್ತು. ಅತ್ತೆ ಇಲ್ಲದ ಅಷ್ಟು ದಿನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವರು ಯಾರು ಅನ್ನುವ ಜಗಳ. ಅದನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡು, ನೆಗೆಣ್ಣಿಯ ಮಾತಿಗೆ ಅದನ್ನೇ ಹೊಂದಿಸಿಕೊಂಡಿದ್ದರು. ನನ್ನ ಅನುಭವದಲ್ಲಿ ಯಾತ್ರೆಯಲ್ಲಿ ಪೆಟ್ಟಾದವರನ್ನು ಕಾಲುನೋವಿಗಿಂತ ಹೆಚ್ಚು ಹಿಂಡುವುದು ಇಂಥ ಒಂದು ಮಾತು. ಸೊಸೆಗೆ ಫೋನ್ ಮಾಡಿ ಅಂದೆ. ಕ್ಷಮೆ ಕೇಳಿ ಅನ್ನಲಿಲ್ಲ, ಕಾಲು ಹೀಗಾಗಿದೆ ಅಂತ ಮಾತ್ರ ಹೇಳಿ ಅಂದೆ. ಆ ಹುಡುಗಿ ಕೇಳಿದ ಮೊದಲ ಮಾತು, "ಊಟ ಮಾಡೀರಿಲ್ರಿ ಅತ್ತಿ?"

ಈಗ ಹರಕೆಯ ವಿಷಯ. ನಡೆದೇ ಬರುತ್ತೇನೆ ಅಂದಿದ್ದಾರೆ, ಅದರಲ್ಲಿ ನುಸುಳಿಕೊಳ್ಳಲು ಸಂದು ಇಲ್ಲ. "ನೀವು ಹಾಗೆ ಅಂದಿಲ್ಲ, ಹೀಗೆ ಅಂದಿರಿ" ಅಂತ ವಕೀಲರ ಥರ ವಾದ ಮಾಡಲು ನನಗೆ ಇಷ್ಟವಿಲ್ಲ. ಹರಕೆ ಹೇಗೆ ತೀರುತ್ತದೆ ಅಂತ ತೀರ್ಪು ಕೊಡುವ ಅಧಿಕಾರವೂ ಆಪ್ತಸಲಹೆಗಾರರಿಗೆ ಇಲ್ಲ. ಅವರ ತಲೆಯಲ್ಲಿ ಎರಡೇ ದಾರಿ ಇದ್ದವು. ಕುಂಟಿಕೊಂಡು ನಡೆಯುವುದು, ಇಲ್ಲವೇ ತಲೆ ತಗ್ಗಿಸಿಕೊಂಡು ಊರಿಗೆ ಹೋಗುವುದು. ಬಸ್ಸಿನಲ್ಲಿ ಮುಂದೆ ಹೋಗಬಹುದು ಅನ್ನುವುದು ಗೊತ್ತಿಲ್ಲ ಅಂತಲ್ಲ, ಅದನ್ನು ಕಳ್ಳತನ ಅಂದುಕೊಂಡಿದ್ದರು. ಮೂರನೆಯ ದಾರಿಯನ್ನು ಅವರು ನಂಬುವವರ ಬಾಯಿಂದಲೇ ಕೇಳಿಸಬೇಕಿತ್ತು. ಅದಕ್ಕೆ ಕಂಬಿಯ ಹಿರಿಯರಾದ ಅಯ್ಯನವರಿಗೆ ಫೋನ್ ಹಚ್ಚಿಸಿದೆ. ಸ್ಪೀಕರಿನಲ್ಲಿ ಇಡಲಿಲ್ಲ. ಅದು ಅವರಿಬ್ಬರ ಮಾತು.

ಅಯ್ಯನವರು ಲೆಕ್ಕದ ಮನುಷ್ಯರು. ಉಡಿ ಈ ವರ್ಷವೇ ತುಂಬು, ಬಸ್ಸಿನಲ್ಲಿ ಬಾ. ಉಳಿದ ನಡಿಗೆಯನ್ನು ಕಾಲು ವಾಸಿಯಾದ ಮೇಲೆ ಇನ್ನೊಂದು ವರ್ಷ ರಾಯಚೂರಿನಿಂದಲೇ ಶುರು ಮಾಡು ಅಂದರಂತೆ. ಶಾಂತವ್ವನಿಗೆ ಇದು ಹಿಡಿಸಿತು. ನನಗೆ ಅರ್ಧ ಮಾತ್ರ ಹಿಡಿಸಿತು. ಬಾಕಿ ನಡಿಗೆ ಸಾಲದ ಹಾಗೆ ತಲೆ ಮೇಲೆ ಕೂರಬಾರದಲ್ವಾ? ಅದಕ್ಕೇ ಒಂದು ಷರತ್ತು ಸೇರಿಸಿಕೊಳ್ಳಿ ಅಂದೆ. ಡಾಕ್ಟರು ಕಾಲು ನೋಡಿ ಹೂಂ ಅಂದರೆ ಮಾತ್ರ ಮುಂದಿನ ವರ್ಷ. ಬೇಡ ಅಂದರೆ ಅಯ್ಯನವರನ್ನೇ ಮತ್ತೆ ಕೇಳುವುದು. ಒಬ್ಬರೇ ಕೂತು ತೀರ್ಮಾನ ಮಾಡುವ ಹಾಗಿಲ್ಲ.

ಎದ್ದು ಹೋಗುವ ಮುಂಚೆ ಇನ್ನೊಂದು ಅಳುಕು ಹೊರಗೆ ಬಂತು. ಶ್ರೀಶೈಲ ಇನ್ನು ಸ್ವಲ್ಪ ದೂರ ಇರುವಾಗ ರಸ್ತೆ ಪಕ್ಕ ಸಾಕ್ಷಿ ಗಣಪನ ಗುಡಿ ಇದೆ. ಯಾರು ಯಾರು ಕ್ಷೇತ್ರಕ್ಕೆ ಬಂದರು ಅಂತ ಅವನು ಬರೆದಿಟ್ಟುಕೊಂಡು ಸಾಕ್ಷಿ ಹೇಳುತ್ತಾನೆ ಅನ್ನುವುದು ನಂಬಿಕೆ. "ಅಂವ ನನ್ನ ಹೆಸರಿನ ಮುಂದ ಬಸ್ಸು ಅಂತ ಬರಕೋತಾನಲ್ರಿ?" ಅಂತ ಕೇಳಿದರು. ನಗುವ ಮಾತಲ್ಲ ಇದು, ಅವರು ನಿಜವಾಗಿ ಹೆದರಿದ್ದರು. ನಾನು ಕೇಳಿದ್ದು ಇಷ್ಟೇ. "ಬಸ್ಸಿನಲ್ಲಿ ಬಂದವರೂ ಅಲ್ಲಿ ಇಳಿದು ಕೈ ಮುಗಿಯುವುದಿಲ್ವಾ? ಅವರ ಹೆಸರು ಬರೆಯಲ್ವಾ?" ಬರೀತಾನ ಅಂದರು. "ಹಾಗಾದರೆ ನೀವೇ ಹೇಳಿಬಿಡಿ, ರಾಯಚೂರ ತನಕ ನಡೆದೆ, ಮುಂದೆ ಬಸ್ಸು ಅಂತ." ಮುಚ್ಚಿಟ್ಟದ್ದು ಮನಸ್ಸನ್ನು ಕೊರೆಯುತ್ತದೆ. ಇದನ್ನು ಊರಿನವರಿಗೂ ಹೀಗೇ ಹೇಳಬೇಕು, ಯಾರಾದರೂ ಕೇಳುವ ಮುಂಚೆಯೇ ಹೇಳಬೇಕು ಅಂದೆ.

ಇನ್ನು ಬಸ್ಸಿನ ದಾರಿ. ಬಸ್ಸನ್ನು ಶಿಕ್ಷೆ ಅಂದುಕೊಂಡವರು ಅದನ್ನು ಶಿಕ್ಷೆಯ ಹಾಗೇ ಮಾಡುತ್ತಾರೆ. ಸೀಟು ಕೇಳುವುದಿಲ್ಲ, ನಿಂತೇ ಹೋಗುತ್ತಾರೆ, ಊಟ ಬಿಡುತ್ತಾರೆ, ಗುಂಪಿನ ಕಣ್ಣಿಗೆ ಬೀಳದೆ ಒಬ್ಬರೇ ಮೂಲೆ ಹಿಡಿಯುತ್ತಾರೆ. ಹಾಗಾಗಿ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಸೀದಾ ಶ್ರೀಶೈಲಕ್ಕೆ ಹೋಗಿ ಕೂರುವುದು ಬೇಡ. ಗುಂಪು ತಂಗುವ ಊರಿಗೆ ಬಸ್ಸು ಹಿಡಿದು ಮೊದಲೇ ಹೋಗಿ. ಅಲ್ಲಿನ ದಾಸೋಹದಲ್ಲಿ ಕೂತು ಮಾಡುವ ಕೆಲಸ ಇದ್ದೇ ಇರುತ್ತದೆ, ಉಳ್ಳಾಗಡ್ಡಿ ಹೆಚ್ಚುವುದೋ ಪಲ್ಯ ಸೋಸುವುದೋ. ಕಾಲನ್ನು ಮಾತ್ರ ಇನ್ನೊಂದು ಗಂಟಿನ ಮೇಲೆ ಎತ್ತರಕ್ಕೆ ಇಡಿ. ಬಸ್ಸಿನಲ್ಲಿ ಕಂಡಕ್ಟರಿಗೆ ಪಟ್ಟಿ ತೋರಿಸಿ ಸೀಟು ಕೇಳಿ. ದಾರಿ ಕಡೆಯ ಸೀಟು ಸಿಕ್ಕರೆ ಕಾಲು ಚಾಚಬಹುದು. ಕೂತಲ್ಲೇ ಬೆರಳು ಆಡಿಸುತ್ತಿರಿ. ಮೀನಖಂಡ ಬಿಗಿದು ನೋವು ಬಂದರೆ, ಕಾಲು ಮೊಣಕಾಲ ತನಕ ಊದಿದರೆ, ಉಸಿರು ಕಟ್ಟಿದ ಹಾಗಾದರೆ ಮುಂದಿನ ಊರು ಅನ್ನದೆ ಅಲ್ಲೇ ಇಳಿದು ಆಸ್ಪತ್ರೆಗೆ ಹೋಗಿ. ಕೊನೆಯ ಮೂರು ಮಾತು ಡಾಕ್ಟರದ್ದು, ನಾನು ಬರೆದುಕೊಂಡೆ ಅಷ್ಟೇ.

ಚಪ್ಪಲಿಗೆ ತುಂಬಾ ಹೊತ್ತು ಚರ್ಚೆ ಆಯಿತು. ಬರಿಗಾಲಿನ ಹರಕೆ. ಕೊನೆಗೆ ಹರಡು ಹಿಡಿಯುವ ಪಟ್ಟಿ ಇರುವ ಸ್ಯಾಂಡಲ್‌ಗೆ ಒಪ್ಪಿದರು. ದಾಸೋಹದ ಚಪ್ಪರದಲ್ಲಿ ಕೂತಾಗ ಮತ್ತು ಗುಡಿಯಲ್ಲಿ ಮಾತ್ರ ಬಿಡುವುದು.

ದುಡ್ಡಿನ ಮಾತೂ ಬಂತು. ಕರ್ನಾಟಕದಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಟಿಕೆಟ್ ಇಲ್ಲ. ದೇವರ ಹತ್ತಿರ ಪುಕ್ಕಟೆ ಹೋಗುವುದಾ ಅನ್ನುವುದು ಶಾಂತವ್ವನ ಚಿಂತೆ. ಕರ್ನೂಲಿನ ಬಸ್ಸು ಹೊರರಾಜ್ಯದ್ದು, ಅದಕ್ಕೆ ಶಕ್ತಿ ನಡೆಯುವುದಿಲ್ಲ, ಟಿಕೆಟ್ ತಗೋಬೇಕು ಅಂದೆ. ಟಿಕೆಟ್ಟಿಗೆ ದುಡ್ಡು ಕೊಡಬೇಕು ಅಂತ ಕೇಳಿ ಇಷ್ಟು ಖುಷಿಪಟ್ಟವರನ್ನು ನಾನು ಬೇರೆ ನೋಡಿಲ್ಲ.

ನಾನು ಖಡಾಖಂಡಿತವಾಗಿ ಬೇಡ ಅಂದಿದ್ದು ಒಂದೇ, ಕಾಡು. ಆತ್ಮಕೂರಿನ ಆಚೆ ನಡೆಯುವವರು ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು ಹಾದು ಭೀಮನಕೊಳ್ಳಕ್ಕೆ ಇಳಿದು, ಅಲ್ಲಿಂದ ಕಡಿದಾದ ಏರು ಹತ್ತಿ ಕೈಲಾಸ ದ್ವಾರಕ್ಕೆ ಬರುತ್ತಾರೆ. ಕಲ್ಲು, ಮೆಟ್ಟಿಲು, ನೂಕುನುಗ್ಗಲು. ಬಸ್ಸು ಸುತ್ತಿಕೊಂಡು ದೋರ್ನಾಲ ಮೇಲಿಂದ ಘಾಟಿ ಹತ್ತುತ್ತದೆ. ಎಲ್ಲದಕ್ಕೂ ಬೇಗ ಬೇಗ ತಲೆ ಆಡಿಸುತ್ತಿದ್ದ ಶಾಂತವ್ವ ಇಲ್ಲಿ ಮಾತ್ರ ನೆಲ ನೋಡಿದರು. "ಕೊಳ್ಳದ ಹತ್ರ ಗುಂಪು ಸೇರಬೇಕು ಅಂತ ಮನಸ್ಸಲ್ಲಿ ಇದೆ ಅಲ್ವಾ?" ಅಂದೆ. ಇತ್ತು. ಅಷ್ಟು ದಿನ ಬಸ್ಸಿನಲ್ಲಿ ಕೂತ ತಪ್ಪನ್ನು ಕೊನೆಯ ಏರಿನಲ್ಲಿ ತೊಳೆದುಕೊಳ್ಳುವ ಲೆಕ್ಕ. ಗಾಯಗೊಂಡ ಯಾತ್ರಿಕರಿಗೆ ಸಲಹೆ ಕೊಡುವವರು ಈ ಗುಟ್ಟಿನ ಯೋಜನೆಯನ್ನು ಕೇಳಿಯೇ ತಿಳಿಯಬೇಕು, ಅವರಾಗಿ ಹೇಳುವುದಿಲ್ಲ. "ಅಲ್ಲಿ ಮತ್ತೊಮ್ಮೆ ಕಾಲು ಹೊರಳಿದರೆ ನಾಲ್ಕು ಜನ ನಿಮ್ಮನ್ನು ಹೊತ್ತು ಏರು ಹತ್ತಬೇಕು. ಅವರ ಹರಕೆಯ ಗತಿ ಏನು?" ಅಂದೆ. ಇದು ನಾಟಿತು. ಹಾಟಕೇಶ್ವರದ ಗುಡಿ ಬಸ್ಸು ಹೋಗುವ ರಸ್ತೆಯಲ್ಲೇ ಇದೆ, ಕಾಡಿನಿಂದ ಬರುವವರೂ ಅಲ್ಲಿ ಸೇರುತ್ತಾರೆ. ಗುಂಪನ್ನು ಅಲ್ಲೇ ಕಾಯುವುದು ಅಂತ ನಿಕ್ಕಿ ಆಯಿತು. ಕಾಡು ಹುಲಿಗಳಿಗೆ ಮೀಸಲಾದದ್ದು, ಘಾಟಿಯಲ್ಲಿ ರಾತ್ರಿ ಗಾಡಿ ಬಿಡುವುದಿಲ್ಲ. ಹಗಲು ಬಸ್ಸೇ ಹಿಡಿಯಿರಿ ಅಂತ ಹಾಳೆಯ ಕೊನೆಗೆ ಸೇರಿಸಿದೆ.

ಒಬ್ಬರೇ ಹೇಗೆ ಹೋಗುವುದು ಅನ್ನುವ ಪ್ರಶ್ನೆ ತಾನಾಗಿ ಬಗೆಹರಿಯಿತು. ಶಾಂತವ್ವ ಬಸ್ಸು ಹತ್ತುತ್ತಾರೆ ಅಂತ ಗೊತ್ತಾದ ಕೂಡಲೇ ಅದೇ ಗುಂಪಿನ ಒಬ್ಬ ಅಜ್ಜಿ, "ಪಾಪ, ಒಬ್ಬಾಕಿನ್ನ ಹೆಂಗ ಬಿಡೂದು" ಅಂತ ಗಂಟು ಕಟ್ಟಿದರು. ಲಿಂಗಸುಗೂರು ದಾಟಿದಾಗಿನಿಂದ ಅವರ ಮೊಣಕಾಲು ಹಿಡಿದಿತ್ತಂತೆ. ಯಾರಾದರೂ ಮೊದಲು ಹತ್ತಲಿ ಅಂತ ಕಾಯುತ್ತಿದ್ದರು ಅನಿಸುತ್ತದೆ.

ಯುಗಾದಿ ಕಳೆದ ಮೇಲೆ ಶಾಂತವ್ವ ಫೋನ್ ಮಾಡಿದರು. ಉಡಿ ತುಂಬಿ ಬಂದಿದ್ದರು. ಸಾಕ್ಷಿ ಗಣಪನ ಮುಂದೆ ಎಲ್ಲರಿಗೂ ಕೇಳುವ ಹಾಗೆ ರಾಯಚೂರು, ಬಸ್ಸು ಎರಡನ್ನೂ ಹೇಳಿದರಂತೆ. ಹಿಂದೆ ನಿಂತಿದ್ದ ಯಾರೋ ನಕ್ಕರಂತೆ. ನೆಗೆಣ್ಣಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅದಕ್ಕೆ ನಾನು ಏನೂ ಹೇಳಲಿಲ್ಲ, ಹೇಳುವುದೂ ಇರಲಿಲ್ಲ. ಊತ ಇಳಿದಿದೆ, ಆದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿದರೆ ಸಂಜೆಗೆ ಮತ್ತೆ ಊದುತ್ತದೆ ಅಂದರು. ಹಾಗಿದ್ದರೆ ಸದ್ಯ ತುಳಿಯುವ ಕೆಲಸ ಮಗನಿಗೆ ಬಿಟ್ಟು ಕಂಡಿಕೆಗೆ ಕೂರಿ, ಡಾಕ್ಟರು ಹೇಳಿಕೊಟ್ಟ ಪಾದದ ವ್ಯಾಯಾಮ ಬಿಡಬೇಡಿ, ಮುಂದಿನ ವರ್ಷದ ಮಾತನ್ನು ದೀಪಾವಳಿ ಆದ ಮೇಲೆ ಕಾಲು ತೋರಿಸಿಯೇ ಎತ್ತೋಣ ಅಂದೆ. "ಕಂಡಿಕಿ ನಾ ಸುತ್ತತೀನಿ ಅಂದ್ರ ಸೊಸಿ ಒಲ್ಲೆ ಅಂತಾಳ್ರಿ ಈಗ" ಅಂದರು.